ಹಲಗೆಗೂ ಒಂದು ಗೆರೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಗಾನವೃಂದಗಳಲ್ಲಿ ಯುವಕರು ಗಣಕಯಂತ್ರದಲ್ಲಿಯೇ ಡ್ರಮ್ಮಿನ ಸ್ವರಲಿಪಿ ಬರೆಯುವುದಾದರೆ ನಾವು ಸ್ವಾಗತಿಸುತ್ತೇವೆ. ಮ್ಯೂಸ್‌ಸ್ಕೋರ್ ತಂತ್ರಾಂಶಕ್ಕೆ ಹಣ ತೆರಬೇಕಾಗಿಲ್ಲ. ಐದು ಗೆರೆಗಳ ನಡುವಣ ಎಡೆಗಳಲ್ಲಿ ಕೆಳಗಿನದು ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ಮಿಗೆ, ಕೆಳಗಿನಿಂದ ಮೂರನೆಯದು ಸ್ನೇರ್‌ಗೆ, ಸಿಂಬಲ್‌ಗಳಿಗೆ ಗುಣಾಕಾರದ ಚಿಹ್ನೆ. ಇಷ್ಟನ್ನು ಕಲಿಯಲು ಒಂದು ಸಂಜೆ ಸಾಕು.

ಆದರೆ ನಮ್ಮದೊಂದು ಆಕ್ಷೇಪವುಂಟು. ಇಂತಹ ತಂತ್ರಾಂಶಗಳು ಅನುಸರಿಸುವ 1991ರ ಜನರಲ್ ಮಿಡಿ ಪಟ್ಟಿಯಲ್ಲಿ 47 ತಾಳವಾದ್ಯದ ಸದ್ದುಗಳಿವೆ. ಬ್ರೆಜಿಲಿನ ಕುಯಿಕಾಕ್ಕೆ ಅಲ್ಲಿ ಸ್ಥಾನವಿದೆ, ನಮ್ಮ ಹಲಗೆಗಿಲ್ಲ. ಆದುದರಿಂದ ಹಲಗೆಯ ಪೆಟ್ಟನ್ನು ಸ್ನೇರ್ ಎಂದೇ ಬರೆದುಬಿಡುವ ಆಸೆ ಹುಟ್ಟುತ್ತದೆ. ಪಟ್ಟಿಯಲ್ಲಿಲ್ಲದ್ದು ಜಗತ್ತಿನಲ್ಲಿಯೂ ಇಲ್ಲವೆಂಬ ತರ್ಕಕ್ಕೆ ಗುರುಮಠದ ತತ್ತ್ವಶಾಸ್ತ್ರ ತರಗತಿಯಲ್ಲಿ ನಮಗೆ ಅಂಕ ದೊರೆಯುತ್ತಿರಲಿಲ್ಲ!

ಮೊಹರಮ್ಮಿಗೂ ಜಾತ್ರೆಗೂ ಹಲಗೆ ಬೇಕು. ಬಾರಿಸುವ ದಲಿತ ಬಂಧುಗಳು ಮಾತ್ರ ಬಹುಕಾಲ ಹೊಸ್ತಿಲಾಚೆಯೇ ನಿಂತರು. ಆ ಅನ್ಯಾಯವು ನಮ್ಮ ಸ್ವರಲಿಪಿಯ ಹಾಳೆಗೂ ಬರಬೇಕೆ? ಜನರ ಸ್ವಂತ ಸಂಗೀತಕ್ಕೆ ತಕ್ಕ ಮನ್ನಣೆ ಸಲ್ಲಬೇಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿಯೇ ಸಾರಿತು.

ತಂತ್ರಾಂಶದ ಡ್ರಮ್ ಪಟ್ಟಿಯನ್ನು ತಿದ್ದಿ ಹೊಸ ಹೆಸರು, ಗೆರೆ, ಚಿಹ್ನೆಗಳನ್ನು ಕೊಡಬಹುದು. ದಪ್ಪ ಕೋಲಿನ ಪೆಟ್ಟಿಗೊಂದು ಗೆರೆ, ಸಣ್ಣ ಕೋಲಿನದಕ್ಕೆ ಮತ್ತೊಂದು. ಯಂತ್ರವು ಅದನ್ನು ಬೇರಾವುದೋ ಸದ್ದಿನಲ್ಲಿ ನುಡಿಸೀತು. ನುಡಿಸಲಿ, ಲಿಪಿಯಿರುವುದು ಬಾರಿಸುವ ಕೈಗಾಗಿ. ಚರ್ಮವನ್ನು ಬೆಂಕಿಗೆ ಕಾಯಿಸಿ ಬಿಗಿಗೊಳಿಸುವ ಹದವನ್ನಂತೂ ಯಾವ ಲಿಪಿಯೂ ಹಿಡಿಯದು. ಅದಕ್ಕಾಗಿ ಹಲಗೆಯವರ ಪಕ್ಕದಲ್ಲಿಯೇ ಕುಳಿತು ಬರೆಯಬೇಕು. ಕ್ರಿಸ್ತಜಯಂತಿಯ ದಿನ ಅವರನ್ನೇ ಗಾನವೃಂದದ ನಡುವೆ ಕರೆದು ಬಾರಿಸಲು ಕೇಳಬೇಕು, ಸಂಭಾವನೆಯನ್ನೂ ಕೊಡಬೇಕು.