ಕಫದಲ್ಲಿ ಕ್ಷಯ ಸಿಗದಿದ್ದರೆ ನೊಕಾರ್ಡಿಯಾವನ್ನೂ ಹುಡುಕಬೇಕು

ವಾರಗಟ್ಟಲೆ ಕೆಮ್ಮು, ಸಂಜೆಯಾದರೆ ಜ್ವರ, ತೂಕದಲ್ಲಿ ಇಳಿಕೆ, ಎಕ್ಸ್‌ರೇಯಲ್ಲಿ ಶ್ವಾಸಕೋಶದ ಮೇಲೊಂದು ಕಲೆ. ಇಷ್ಟು ಕೇಳಿದರೆ ಸಾಕು, ನಮ್ಮಲ್ಲಿ ಯಾರಾದರೂ ‘ಟಿಬಿ’ ಎಂದುಬಿಡುತ್ತಾರೆ. ಹೆಚ್ಚಿನ ಸಲ ಅದು ನಿಜವೂ ಹೌದು, ನಮ್ಮ ದೇಶದಲ್ಲಿ ಕ್ಷಯ ಅಷ್ಟು ಸಾಮಾನ್ಯ. ಆದರೆ ಕೆಲವು ಸಲ ಕಫ ಪರೀಕ್ಷೆಯಲ್ಲಿ ಕ್ಷಯದ ರೋಗಾಣು ಸಿಕ್ಕಿರುವುದಿಲ್ಲ, ಅಂದಾಜಿನ ಮೇಲೆಯೇ ಮಾತ್ರೆ ಶುರುವಾಗಿರುತ್ತದೆ. ಎರಡು ಮೂರು ತಿಂಗಳು ಕಳೆದರೂ ಜ್ವರ ಬಿಡುವುದಿಲ್ಲ. ಆಗ ಮನೆಯವರು ಬಯ್ಯುವುದು ರೋಗಿಯನ್ನು. ಮಾತ್ರೆ ಸರಿಯಾಗಿ ನುಂಗಲಿಲ್ಲ, ಪಥ್ಯ ಮಾಡಲಿಲ್ಲ ಎಂಬ ದೂರು. ಕಾಯಿಲೆಯೇ ಬೇರೆ ಇರಬಹುದೇ ಎಂದು ಕೇಳುವವರು ಕಡಿಮೆ.

ಹಾಗೆ ಬೇರೆಯೇ ಆಗಿರಬಹುದಾದ ಕಾಯಿಲೆಗಳಲ್ಲಿ ನೊಕಾರ್ಡಿಯಾ ಸೋಂಕು ಒಂದು. ಇದು ಮಣ್ಣಿನಲ್ಲಿ, ಕೊಳೆತ ಸೊಪ್ಪುಸದೆಯಲ್ಲಿ ಬದುಕುವ ಬ್ಯಾಕ್ಟೀರಿಯಾ. ಸೂಕ್ಷ್ಮದರ್ಶಕದಲ್ಲಿ ಕವಲೊಡೆದ ನೂಲಿನ ಎಳೆಗಳಂತೆ ಕಾಣುವುದರಿಂದ ಹಿಂದೆ ಇದನ್ನು ಶಿಲೀಂಧ್ರವೆಂದೇ ತಿಳಿದಿದ್ದರು. ಫ್ರಾನ್ಸಿನ ಪಶುವೈದ್ಯ ಎಡ್ಮಂಡ್ ನೊಕಾರ್ 1888ರಲ್ಲಿ ಇದನ್ನು ದನಗಳ ಕಾಯಿಲೆಯೊಂದರಲ್ಲಿ ಗುರುತಿಸಿದರು, ಹೆಸರು ಬಂದದ್ದು ಅವರಿಂದಲೇ. ಧೂಳಿನೊಂದಿಗೆ ಉಸಿರಿನಲ್ಲಿ ಒಳಹೋದರೆ ಶ್ವಾಸಕೋಶ ಹಿಡಿಯುತ್ತದೆ. ಮುಳ್ಳು ಚುಚ್ಚಿದ ಗಾಯದಿಂದ ಹೋದರೆ ಚರ್ಮದಲ್ಲಿ ಗಂಟು, ಕೀವು. ಕಾಲು ಊದಿ ವರ್ಷಗಟ್ಟಲೆ ರಂಧ್ರಗಳಿಂದ ಕೀವು ಸೋರುವ ‘ಮದುರಾ ಪಾದ’ಕ್ಕೂ ನೊಕಾರ್ಡಿಯಾ ಒಂದು ಕಾರಣ. ಮಣ್ಣು ಬಿದ್ದ ಕಣ್ಣಿನಲ್ಲೂ ಹುಣ್ಣು ಮಾಡಬಲ್ಲದು.

ಒಬ್ಬರಿಂದ ಒಬ್ಬರಿಗೆ ಇದು ಹರಡುವುದಿಲ್ಲ. ನೊಕಾರ್ಡಿಯಾ ಎಂದು ಖಚಿತವಾದ ಮೇಲೆ ರೋಗಿಯ ತಟ್ಟೆ ಲೋಟ ಬೇರೆ ಇಡುವ, ಮೊಮ್ಮಕ್ಕಳನ್ನು ಹತ್ತಿರ ಬಿಡದಿರುವ ಅಗತ್ಯವಿಲ್ಲ.

ಯಾರಿಗೆ ಬರುತ್ತದೆ? ಅಂಗಾಂಗ ಕಸಿ ಮಾಡಿಸಿಕೊಂಡವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಎಚ್‌ಐವಿ ಇರುವವರು ಎಂದು ವೈದ್ಯಕೀಯ ಪುಸ್ತಕಗಳು ಹೇಳುತ್ತವೆ. ನಾನು ಒತ್ತಿ ಹೇಳಬೇಕೆಂದಿರುವುದು ಸ್ಟಿರಾಯ್ಡ್ ಮಾತ್ರೆಯ ಬಗ್ಗೆ. ಗಂಟುನೋವಿಗೆ, ದಮ್ಮಿಗೆ ಎಂದೋ ಬರೆದುಕೊಟ್ಟ ಪ್ರೆಡ್ನಿಸೊಲೋನನ್ನು ಹಳೇ ಚೀಟಿ ತೋರಿಸಿ ಮೆಡಿಕಲ್‌ನಿಂದ ತಿಂಗಳುಗಟ್ಟಲೆ ತಂದು ನುಂಗುವ ಹಿರಿಯರು ಎಷ್ಟು ಮಂದಿಯಿಲ್ಲ! ನೋವು ಇಳಿಯುತ್ತದೆ, ಹಸಿವು ಹೆಚ್ಚುತ್ತದೆ, ಮುಖ ತುಂಬಿಕೊಳ್ಳುತ್ತದೆ. ‘ಔಷಧಿ ಹಿಡಿಯಿತು’ ಎಂಬ ಸಮಾಧಾನ. ಒಳಗೆ ಸೋಂಕಿನ ವಿರುದ್ಧ ಹೋರಾಡುವ ಶಕ್ತಿ ಕುಗ್ಗಿರುತ್ತದೆ. ಹಾಗೆಂದು ಇದನ್ನು ಓದಿ ಒಮ್ಮೆಲೇ ನಿಲ್ಲಿಸಲೂ ಬಾರದು, ಅದೂ ಅಪಾಯವೇ. ವೈದ್ಯರ ಬಳಿ ಹೋಗಿ ಹಂತಹಂತವಾಗಿ ಇಳಿಸಬೇಕು. ಯಾವ ದೌರ್ಬಲ್ಯವೂ ಇಲ್ಲದ ಗಟ್ಟಿಮುಟ್ಟಾದವರಿಗೂ ನೊಕಾರ್ಡಿಯಾ ಬಂದದ್ದುಂಟು ಎಂಬುದನ್ನೂ ಮರೆಯಬಾರದು.

ಇನ್ನು ಪತ್ತೆಯ ವಿಚಾರ. ಎಡವಟ್ಟಾಗುವುದು ಇಲ್ಲಿಯೇ. ಕ್ಷಯಕ್ಕಾಗಿ ಕಫವನ್ನು ಬಣ್ಣ ಹಾಕಿ ನೋಡುವಾಗ ಶೇಕಡಾ 20ರಿಂದ 25ರಷ್ಟು ಗಾಢವಾದ ಸಲ್ಫ್ಯೂರಿಕ್ ಆಮ್ಲದಿಂದ ತೊಳೆಯುತ್ತಾರೆ. ಕ್ಷಯದ ರೋಗಾಣು ಆಗಲೂ ಬಣ್ಣ ಬಿಡುವುದಿಲ್ಲ, ನೊಕಾರ್ಡಿಯಾ ಬಿಟ್ಟುಬಿಡುತ್ತದೆ. ಇದನ್ನು ಕಾಣಲು ಶೇಕಡಾ 1ರ ಆಮ್ಲ ಸಾಕು, ಆದರೆ ಹಾಗೆ ಮಾಡಬೇಕೆಂದು ಲ್ಯಾಬಿನವರಿಗೆ ಯಾರಾದರೂ ಹೇಳಬೇಕು. ಕೆಲವೊಮ್ಮೆ ತದ್ವಿರುದ್ಧವೂ ನಡೆಯುತ್ತದೆ. ಅಲ್ಲಲ್ಲಿ ಬಣ್ಣ ಉಳಿದ ನೊಕಾರ್ಡಿಯಾವನ್ನೇ ಕ್ಷಯವೆಂದು ಓದಿಬಿಡುತ್ತಾರೆ. ಸರಕಾರಿ ಕೇಂದ್ರಗಳಲ್ಲಿ ಮಾಡುವ ಸಿಬಿನ್ಯಾಟ್ ಪರೀಕ್ಷೆ ಕ್ಷಯವನ್ನು ಮಾತ್ರ ಹುಡುಕುತ್ತದೆ, ನೊಕಾರ್ಡಿಯಾ ಇದೆಯೇ ಇಲ್ಲವೇ ಎಂದು ಅದು ಹೇಳದು. ಕಲ್ಚರ್ ಮಾಡಿಸಿದರೂ ಸಾಮಾನ್ಯವಾಗಿ ಎರಡು ದಿನ ನೋಡಿ ‘ಏನೂ ಬೆಳೆದಿಲ್ಲ’ ಎಂದು ಎಸೆಯುವುದು ರೂಢಿ. ನೊಕಾರ್ಡಿಯಾ ಬೆಳೆಯಲು ಹಲವು ದಿನ, ಕೆಲವೊಮ್ಮೆ ಎರಡು ಮೂರು ವಾರವೂ ಬೇಕು.

ಆದ್ದರಿಂದ ಲ್ಯಾಬಿನ ಚೀಟಿಯಲ್ಲಿ ‘ನೊಕಾರ್ಡಿಯಾಕ್ಕೂ ನೋಡಿ, ಕಲ್ಚರನ್ನು ಹೆಚ್ಚು ದಿನ ಇಡಿ’ ಎಂದು ಒಂದು ಸಾಲು ಇರಬೇಕು. ಅದನ್ನು ಬರೆಯಬೇಕಾದವರು ವೈದ್ಯರು. ಆದರೆ ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ಅವರಿಗೆ ನೆನಪಾಗದಿದ್ದರೆ ಮನೆಯವರು ಕೇಳುವುದರಲ್ಲಿ ತಪ್ಪೇನಿದೆ? ‘ಡಾಕ್ಟ್ರೇ, ಕಫದಲ್ಲಿ ಟಿಬಿ ಸಿಕ್ಕಿಲ್ಲ, ಮಾತ್ರೆಯಿಂದಲೂ ಗುಣ ಕಾಣುತ್ತಿಲ್ಲ. ಅಬ್ಬ ಬಹಳ ಕಾಲದಿಂದ ಸ್ಟಿರಾಯ್ಡ್ ತಿನ್ನುತ್ತಿದ್ದಾರೆ. ಬೇರೆ ಸೋಂಕಿಗೂ ಪರೀಕ್ಷೆ ಮಾಡಿಸೋಣವೇ?’ ಎಂದು ವಿನಯದಿಂದ ಕೇಳಿದರೆ ಒಳ್ಳೆಯ ವೈದ್ಯರು ಸಿಟ್ಟಾಗುವುದಿಲ್ಲ. ಉತ್ತರ ಬರುವವರೆಗೆ ಟಿಬಿ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ತಡವಾದರೆ ಏನಾಗುತ್ತದೆ ಎಂದರೆ, ಈ ರೋಗಾಣು ರಕ್ತದ ಮೂಲಕ ಮೆದುಳಿಗೆ ಹೋಗಿ ಅಲ್ಲಿ ಕೀವುಗಟ್ಟುತ್ತದೆ. ಕೆಲವರಲ್ಲಿ ಮೊದಮೊದಲು ತಲೆನೋವೂ ಇರುವುದಿಲ್ಲ. ಶ್ವಾಸಕೋಶದಲ್ಲಿ ನೊಕಾರ್ಡಿಯಾ ಇದೆಯೆಂದಾದ ಮೇಲೆ ತಲೆಯ ಸ್ಕ್ಯಾನ್ ಹೇಳುವುದು ಇದೇ ಕಾರಣಕ್ಕೆ. ಅದು ಹಣ ಕೀಳುವ ಉಪಾಯವೆಂದು ಭಾವಿಸಿ ಮುಂದೂಡಬಾರದು.

ಔಷಧಿ ಇದೆ, ಅದೂ ಹಳೆಯದು, ಅಗ್ಗದ್ದು: ಕೋಟ್ರೈಮಾಕ್ಸಜೋಲ್ ಎಂಬ ಸಲ್ಫಾ ಮಾತ್ರೆ. ಟಿಬಿಯ ಮಾತ್ರೆಗಳಿಂದ ಈ ಸೋಂಕು ಗುಣವಾಗದು. ಕಾಯಿಲೆ ಜೋರಾಗಿದ್ದರೆ ಅಮಿಕಾಸಿನ್, ಇಮಿಪೆನೆಮ್‌ನಂಥ ಇಂಜೆಕ್ಷನ್‌ಗಳನ್ನೂ ಸೇರಿಸುತ್ತಾರೆ. ಶ್ವಾಸಕೋಶದ ಸೋಂಕಿಗೆ ಸಾಮಾನ್ಯವಾಗಿ ಆರರಿಂದ ಹನ್ನೆರಡು ತಿಂಗಳು, ಮೆದುಳಿಗೆ ಹೋಗಿದ್ದರೆ ಕನಿಷ್ಠ ಒಂದು ವರ್ಷ ಚಿಕಿತ್ಸೆ ಬೇಕು. ಕೆಲವೇ ವಾರಗಳಲ್ಲಿ ಜ್ವರ ಇಳಿದು ಊಟ ಸೇರುತ್ತದೆ, ಆಗ ಮಾತ್ರೆ ಬಿಟ್ಟರೆ ಕಾಯಿಲೆ ಮರಳುತ್ತದೆ. ಮೈಮೇಲೆ ದದ್ದು ಎದ್ದರೆ ತಕ್ಷಣ ವೈದ್ಯರಿಗೆ ತೋರಿಸಬೇಕು, ಸಲ್ಫಾ ಕೆಲವರಿಗೆ ಒಗ್ಗುವುದಿಲ್ಲ. ರಕ್ತದ ಕಣ, ಮೂತ್ರಪಿಂಡ, ಪೊಟ್ಯಾಶಿಯಂ ಪರೀಕ್ಷೆಗಳನ್ನು ಆಗಾಗ ಮಾಡಿಸಬೇಕು.

ಇಷ್ಟು ದೀರ್ಘ ಚಿಕಿತ್ಸೆಯ ನಡುವೆ ರಮಝಾನ್ ಬಂದೇ ಬರುತ್ತದೆ. ಈ ಮಾತ್ರೆಯನ್ನು ದಿನಕ್ಕೆ ಎರಡು ಮೂರು ಹೊತ್ತು ತೆಗೆದುಕೊಳ್ಳಬೇಕು, ನೀರನ್ನೂ ಧಾರಾಳವಾಗಿ ಕುಡಿಯಬೇಕು. ರೋಗಿಗೆ ಉಪವಾಸದಲ್ಲಿ ರಿಯಾಯಿತಿ ಇದೆಯೆಂದು ನಮಗೆಲ್ಲ ಗೊತ್ತು. ಆದರೂ ಯಾರಿಗೂ ಹೇಳದೆ ಮಧ್ಯಾಹ್ನದ ಮಾತ್ರೆ ಬಿಟ್ಟು ಉಪವಾಸ ಹಿಡಿಯುವ ಹಿರಿಯರಿದ್ದಾರೆ. ಶಅಬಾನ್ ತಿಂಗಳಲ್ಲೇ ಅವರನ್ನು ವೈದ್ಯರ ಬಳಿ ಕರೆದುಕೊಂಡು ಹೋಗಿ, ಈ ವರ್ಷ ಉಪವಾಸ ಆಗುತ್ತದೆಯೋ ಇಲ್ಲವೋ ಎಂದು ಅವರ ಎದುರಿಗೇ ಕೇಳಿಬಿಡಿ.