ಓಟಿನ ಕ್ಯೂ, ಕೊಬ್ಬರಿ ಕ್ಯೂ

ಇವತ್ತು 2024ರ ಏಪ್ರಿಲ್ 26. ಓಟು ಹಾಕಿ ಬಂದು ತೋಟದ ಜಗುಲಿ ಮೇಲೆ ಕೂತು ಬರೀತಿದೀನಿ. ಯಾರಿಗೆ ಹಾಕಿದೆ ಅಂತ ಕೇಳಬೇಡಿ, ಹೇಳಲ್ಲ.

ರಾತ್ರಿ ಮೂರಕ್ಕೆ ತ್ರೀಫೇಸ್ ಕರೆಂಟು ಬಂತು. ಮೋಟ್ರು ಹಾಕಿದ್ರೆ ನಲವತ್ತೇ ನಿಮಿಷ, ನೀರು ನಿಂತೋಯ್ತು. ಹೋದ ವರ್ಷ ಮಳೆ ಕೈಕೊಟ್ಟ ಮೇಲೆ ಬೋರಿನ ಕಥೆ ಎಲ್ಲರದೂ ಒಂದೇ ಬಿಡಿ. ಏಳೂವರೆಗೆ ನಾನೂ ನಮ್ಮನೆಯವಳೂ ಬೂತಿಗೆ ಹೋದ್ವಿ. ಶಾಯಿ ಹಚ್ಚೋ ಮೇಡಂ ನನ್ನ ಎಡಗೈ ತೋರುಬೆರಳು ನೋಡಿ ಒಂದು ಗಳಿಗೆ ಸುಮ್ಮನಾದ್ರು. ಕಾಯಿ ಸುಲಿಯುವಾಗ ಹಾರೆ ತಗುಲಿ ಅರ್ಧ ಉಗುರು ಹೋಗಿದೆ. ಇರೋ ಅರ್ಧಕ್ಕೆ ಚರ್ಮನೂ ಸೇರಿಸಿ ಗೆರೆ ಎಳೆದ್ರು.

ಇಪ್ಪತ್ತು ನಿಮಿಷದ ಕ್ಯೂನಲ್ಲಿ ನನ್ನ ಹಿಂದೆ ಮುಂದೆ ಇದ್ದೋರು ಯಾರು ಅಂತೀರಾ? ಕೊಬ್ಬರಿ ಖರೀದಿ ನೋಂದಣಿಗೆ ನನ್ನ ಜೊತೆ ನಿಂತೋರೇ. ಅಲ್ಲಿ ರಾತ್ರಿ ಕಂಬಳಿ ಹೊದ್ದು ಮಲಗಿದ್ವಿ, ಚಪ್ಪಲಿ ಕಲ್ಲು ಸಾಲಾಗಿಟ್ಟು ಜಾಗ ಹಿಡಿದ್ವಿ, ಒಂದೇ ತಟ್ಟೆ ಇಡ್ಲಿ ಹಂಚಿಕೊಂಡು ತಿಂದ್ವಿ. ಅವತ್ತು ಯಾರೂ ಯಾರ ಜಾತಿನೂ ಕೇಳಲಿಲ್ಲ. ಇವತ್ತು ಅದೇ ಜನ ಗುಂಪು ಗುಂಪಾಗಿ ನಿಂತು ಪಿಸಪಿಸ ಅಂತಿದ್ರು. ನಾನೇನು ದೊಡ್ಡ ಮನುಷ್ಯ ಅಲ್ಲ. ನಮ್ಮಪ್ಪ ಹಾಕ್ತಿದ್ದ ಗುರುತಿಗೇ ಇಪ್ಪತ್ತು ವರ್ಷ ಕಣ್ಣು ಮುಚ್ಚಿ ಒತ್ತಿದೀನಿ.

ನೋಂದಣಿಯಲ್ಲಿ ನನ್ನ ಸರದಿ ಬರೋ ಹೊತ್ತಿಗೆ ಮುಗೀತು ಅಂದ್ರು. ಉಂಡೆ ಕೊಬ್ಬರಿಗೆ 2024ರ ಬೆಂಬಲ ಬೆಲೆ ಕ್ವಿಂಟಲಿಗೆ 12,000. ನಾನು ವ್ಯಾಪಾರಿಗೆ ನಾಲ್ಕು ಕ್ವಿಂಟಲ್ ಕೊಟ್ಟಿದ್ದು 9,000ದ ಲೆಕ್ಕದಲ್ಲಿ. ಹನ್ನೆರಡು ಸಾವಿರ ಅಲ್ಲೇ ಹೋಯ್ತು. ನಿನ್ನೆ ರಾತ್ರಿ ನಮ್ಮ ಬೀದಿಗೆ 500ರ ನೋಟು ಬಂತು. ನಮ್ಮನೆಯವಳು ಇಸ್ಕೊಂಡಿದ್ಲು. ಬೈದೆ. "ಕೊಬ್ಬರಿಲಿ ಹೋದದ್ದು ಇಂಥ ಇಪ್ಪತ್ನಾಲ್ಕು ನೋಟು, ಅದಕ್ಕೆ ಯಾರನ್ನ ಬೈದ್ರಿ?" ಅಂದ್ಲು. ಬಾಯಿ ಮುಚ್ಕೊಂಡೆ.

ಬೆಂಬಲ ಬೆಲೆ ಎಷ್ಟು ಅಂತ ತೀರ್ಮಾನ ಆಗೋದು ದೆಹಲಿಲಿ. ಈ ಚುನಾವಣೆ ಆಳನ್ನ ಕಳಿಸೋದೂ ದೆಹಲಿಗೇ. ಆದ್ರೂ ನಮ್ಮೂರಲ್ಲಿ ಒಂದು ತಿಂಗಳು ಕೊಬ್ಬರಿ ಮಾತು ಬಿಟ್ಟು ಮಿಕ್ಕಿದ್ದೆಲ್ಲ ಆಯ್ತು. ಪ್ರಚಾರಕ್ಕೆ ಬಂದೋರ ಕೊರಳಿಗೆ ನಾವೇನು ಹಾಕಿದ್ವಿ? ಕೊಬ್ಬರಿ ಹಾರ! ಆಯ್ದು ಆಯ್ದು ಒಳ್ಳೆ ಉಂಡೆ ಪೋಣಿಸಿದ್ದು. ಹಾರ ಹಾಕಿ ಕೇಳಿದ್ದೇನು? ದೇವಸ್ಥಾನಕ್ಕೆ ಶೀಟು. ನಾನೂ ಅಲ್ಲೇ ನಿಂತಿದ್ದೆ, ಹಾರದ ಆರು ಉಂಡೆ ನಮ್ಮನೇವೇ. ಒಂದು ಮಾತು ಕೇಳಲಿಲ್ಲ. ಮೈಕ್ ಮುಂದೆ ನಾಚಿಕೆ ಅಂತ ಹೇಳ್ಕೊಂಡೆ, ನಿಜ ಹೇಳ್ಬೇಕು ಅಂದ್ರೆ ನಮ್ಮ ಕಡೆಯೋರು ಬೇಜಾರಾಗ್ತಾರೆ ಅನ್ನೋ ಭಯ.

ಬೆಂಗಳೂರಿಂದ ಬಂದ ಮಗ ನೋಟಾ ಒತ್ತಣ ಅಂತಾನೆ. ನೋಟಾಗೆ ಎಷ್ಟೇ ಬೀಳಲಿ, ಉಳಿದೋರಲ್ಲಿ ಜಾಸ್ತಿ ಬಿದ್ದೋರೇ ಗೆಲ್ಲೋದು. ಸಿಟ್ಟು ತೀರುತ್ತೆ, ಕೊಬ್ಬರಿ ಹಾಗೇ ಇರುತ್ತೆ. ಪಕ್ಕದ ತೋಟದಣ್ಣ ಕೇಳಿದ್ರು, "ಕೇಳಿದ್ರೆ ಕೊಟ್ಬಿಡ್ತಾರೇನಪ್ಪ?" ಅಂತ. ಕೊಡ್ತಾರೋ ಬಿಡ್ತಾರೋ ಆಮೇಲಿನ ಮಾತು ಕಣಣ್ಣ. ಶೀಟು ಕೇಳಿದೋರಿಗೆ ಶೀಟಾದ್ರೂ ಸಿಕ್ತದೆ, ನಾವು ಕೇಳೇ ಇಲ್ಲವಲ್ಲ.

ಜೂನ್ 4ಕ್ಕೆ ಎಣಿಕೆ. ಗೆದ್ದೋರು ಯಾರೇ ಆಗ್ಲಿ, ಧನ್ಯವಾದ ಹೇಳೋಕೆ ಬರ್ತಾರೆ. ಅಷ್ಟರೊಳಗೆ ಈ ವರ್ಷ ಎಷ್ಟು ಕ್ವಿಂಟಲ್ ಮಾರಿದ್ರಿ, ಎಷ್ಟಕ್ಕೆ ಅಂತ ವ್ಯಾಪಾರಿ ಕೊಟ್ಟ ಪಟ್ಟಿ ಸಮೇತ ಬರೆದಿಡಿ. ಎಲ್ಲ ಸೇರಿಸಿ ಒಂದೇ ಕಾಗದ ಮಾಡಿ ಕೊಡೋಣ. ನನ್ನ ನಾಲ್ಕು ಕ್ವಿಂಟಲಿನ ಪಟ್ಟಿ ಗೋಡೆ ಮೊಳೆಗೆ ಸಿಕ್ಕಿಸಿದೀನಿ. ಈಗ ಅಟ್ಟಕ್ಕೆ ಏರಿಸಿರೋ ಕಾಯಿ ಗಿಟುಕಾಗೋದು ಬರೋ ವರ್ಷ, ಟೈಮ್ ಐತೆ.

ಮತ್ತೆ, ಹಾರಕ್ಕೆ ಉಂಡೆ ಕೇಳ್ಕೊಂಡು ಈ ಸಲ ಯಾರೂ ನಮ್ಮನೆಗೆ ಬರಬೇಡಿ.