ಮೊದಲ ಗಾಜು ಕಿಟಕಿ ಅಂಗಡಿಯದೇ ಇರಲಿ

ಗಾಜಿನ ತುಂಡುಗಳನ್ನು ಒಂದರ ಮೇಲೊಂದು ಜೋಡಿಸಿ, ಕುಲುಮೆಯಲ್ಲಿ 800 ಡಿಗ್ರಿ ಸೆಲ್ಸಿಯಸ್ ದಾಟಿಸಿ ಒಂದೇ ಹಲಗೆಯಾಗಿ ಬೆಸೆಯುವ ಕಸುಬಿಗೆ ಫ್ಯೂಸ್ಡ್ ಗ್ಲಾಸ್ ಎಂದು ಹೆಸರು. ಇದಕ್ಕೆ ಊದುವ ಕೊಳವೆ ಬೇಡ, ಹಗಲಿರುಳು ಉರಿಯುವ ಭಟ್ಟಿಯೂ ಬೇಡ. ಮೇಜಿನ ಮೇಲೆ ಕೂರುವಷ್ಟು ಸಣ್ಣ ವಿದ್ಯುತ್ ಕುಲುಮೆ, ಅದಕ್ಕೊಂದು 16 ಆಂಪಿಯರ್ ಪ್ಲಗ್ ಪಾಯಿಂಟ್ ಇದ್ದರೆ ಮನೆಯಲ್ಲೇ ಕೆಲಸ ಶುರು. ಆದರೆ ಕುಲುಮೆ ಕೊಂಡ ಉತ್ಸಾಹದಲ್ಲೇ ಅಮೆರಿಕದ ಬಣ್ಣದ ಗಾಜಿಗೆ ಆರ್ಡರ್ ಹಾಕುವುದು ದುಬಾರಿಯಷ್ಟೇ ಅಲ್ಲ, ಕಲಿಕೆಗೂ ಅಡ್ಡಿ. ಮೊದಲ ಕೆಲವು ತಿಂಗಳಿಗೆ ಪೇಟೆಯ ಗ್ಲಾಸ್ ಅಂಗಡಿಯ ಮೂಲೆಯಲ್ಲಿ ಒರಗಿಸಿಟ್ಟ ಕಿಟಕಿ ಗಾಜಿನ ತುಂಡುಗಳೇ ಸಾಕು.

ಇದು ಬಡತನದ ಸಮಾಧಾನವಲ್ಲ. ಆಧುನಿಕ ಫ್ಯೂಸ್ಡ್ ಗ್ಲಾಸಿನ ಕಥೆ ಶುರುವಾಗುವುದೇ ಕಿಟಕಿ ಗಾಜಿನಿಂದ. ಚಿಕಾಗೋದ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್‌ನಲ್ಲಿ ಪರಿಚಯವಾದ ಫ್ರಾನ್ಸಿಸ್ ಮತ್ತು ಮೈಕೆಲ್ ಹಿಗ್ಗಿನ್ಸ್ 1948ರಲ್ಲಿ ಮದುವೆಯಾಗಿ, ತಮ್ಮ ಅಪಾರ್ಟ್‌ಮೆಂಟ್‌ನಲ್ಲೇ ಕುಲುಮೆ ಹೂಡಿದರು. ಸಾಮಾನ್ಯ ಹಾಳೆ ಗಾಜಿನ ಮೇಲೆ ಎನಾಮೆಲ್ ಬಣ್ಣದಿಂದ ಚಿತ್ತಾರ ಬರೆದು, ಮೇಲೊಂದು ಹಾಳೆ ಮುಚ್ಚಿ ಬೆಸೆದು, ಅಚ್ಚಿನ ಮೇಲೆ ಬಾಗಿಸಿ ತಟ್ಟೆ, ಬೋಗುಣಿ, ಆ್ಯಶ್‌ಟ್ರೇ ಮಾಡಿದರು. 1957ರ ಹೊತ್ತಿಗೆ ಡಿಯರ್‌ಬಾರ್ನ್ ಗ್ಲಾಸ್ ಕಂಪನಿಯೊಂದಿಗೆ ಸೇರಿ ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದರು. 1966ರಲ್ಲಿ ರಿವರ್‌ಸೈಡ್ ಊರಿನಲ್ಲಿ ಸ್ವಂತ ಸ್ಟುಡಿಯೊ ತೆರೆದರು. ಇವತ್ತು ಸಂಗ್ರಾಹಕರು ಹುಡುಕಿ ಕೊಳ್ಳುವ ಆ ಬೋಗುಣಿಗಳಲ್ಲಿ ಬಣ್ಣ ಹೆಚ್ಚಾಗಿ ಎನಾಮೆಲ್ಲಿನದು, ಗಾಜು ಸಾದಾ.

ಹಾಗಾದರೆ ಬಣ್ಣದ ಫ್ಯೂಸಿಂಗ್ ಗಾಜಿಗೆ ಅಷ್ಟೊಂದು ಬೆಲೆ ಏಕೆ? ಕಾರಣ ಇದೆ. 1979ರಲ್ಲಿ ಜರ್ಮನಿಯ ಕಲಾವಿದ ಕ್ಲೌಸ್ ಮೋಯೆ ವಾಷಿಂಗ್ಟನ್ ರಾಜ್ಯದ ಪಿಲ್‌ಚಕ್ ಗಾಜು ಶಾಲೆಗೆ ಪಾಠ ಹೇಳಲು ಬಂದಾಗ, ಪೋರ್ಟ್‌ಲ್ಯಾಂಡ್‌ನ ಬುಲ್ಸ್‌ಐ ಗ್ಲಾಸ್ ಕಂಪನಿಯವರ ಸಂಪರ್ಕವಾಯಿತು. ಒಂದಕ್ಕೊಂದು ಹೊಂದಿಕೊಂಡು ಬೆಸೆಯುವ ಬಣ್ಣದ ಹಾಳೆಗಳು ಮೋಯೆಗೆ ಬೇಕಿದ್ದವು. 1974ರಲ್ಲಿ ಹುಟ್ಟಿದ್ದ ಆ ಸಣ್ಣ ಕಾರ್ಖಾನೆ ಅದನ್ನು ಸವಾಲಾಗಿ ತೆಗೆದುಕೊಂಡಿತು. 1982ರಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾಕ್ಕೆ ಹೋಗಿ ಮೋಯೆ ಗಾಜಿನ ವಿಭಾಗ ಕಟ್ಟಿದಾಗ ಅಲ್ಲಿಗೂ ಪೋರ್ಟ್‌ಲ್ಯಾಂಡ್‌ನ ಗಾಜು ಹೋಯಿತು. ಪ್ರತಿ ಬಣ್ಣವನ್ನೂ ಪರೀಕ್ಷಿಸಿ, ಉಳಿದವುಗಳ ಜೊತೆ ಹೊಂದುತ್ತದೆ ಎಂದು ಖಾತರಿ ಕೊಡುವ ಕೆಲಸಕ್ಕೇ ಗ್ರಾಹಕ ದುಡ್ಡು ಕೊಡುತ್ತಾನೆ. ಹೊಂದದಿದ್ದರೆ ಏನಾಗುತ್ತದೆ ಎಂದು ಕೈಯಾರೆ ತಿಳಿಯದವನಿಗೆ ಆ ಖಾತರಿಯ ಬೆಲೆ ಗೊತ್ತಾಗುವುದಾದರೂ ಹೇಗೆ?

ಬಿಸಿಗೆ ಗಾಜು ಹಿಗ್ಗುತ್ತದೆ, ಆರುವಾಗ ಕುಗ್ಗುತ್ತದೆ. ಬುಲ್ಸ್‌ಐ ಗಾಜಿನ ಹಿಗ್ಗುವಿಕೆಯ ಅಂಕಿ 90. ಎಂದರೆ ಒಂದು ಡಿಗ್ರಿ ಬಿಸಿ ಏರಿದರೆ ತನ್ನ ಉದ್ದದ ಕೋಟಿಯಲ್ಲಿ 90 ಪಾಲು ಹಿಗ್ಗುತ್ತದೆ. ಮಾರುಕಟ್ಟೆಯ ಇನ್ನೊಂದು ಫ್ಯೂಸಿಂಗ್ ಗಾಜಿನ ಸರಣಿಯದು 96. ಕಿಟಕಿ ಗಾಜಿನದು ಸುಮಾರು 85. ಕೋಟಿಯಲ್ಲಿ ಐದಾರು ಪಾಲಿನ ವ್ಯತ್ಯಾಸ ಯಾವ ಲೆಕ್ಕ ಎನ್ನಿಸಬಹುದು. ಆದರೆ ಬೆಸೆದ ಎರಡು ಗಾಜುಗಳು ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗಿದರೆ ಕೂಡಿದ ಜಾಗದಲ್ಲಿ ಒತ್ತಡ ಉಳಿದುಬಿಡುತ್ತದೆ. ಕುಲುಮೆಯಿಂದ ಚೆನ್ನಾಗಿಯೇ ಹೊರಬಂದ ತಟ್ಟೆ ವಾರ ಕಳೆದ ಮೇಲೆ ಕಪಾಟಿನಲ್ಲಿ ಕೂತಲ್ಲೇ ಸೀಳಿಕೊಳ್ಳಬಹುದು. ಹಾಗೆಂದು ಅಂಕಿ ಒಂದೇ ಆದ ಮಾತ್ರಕ್ಕೆ ಗಾಜು ಹೊಂದುತ್ತದೆ ಎಂದೂ ಅಲ್ಲ. ಆ ಅಂಕಿ 20ರಿಂದ 300 ಡಿಗ್ರಿವರೆಗಿನ ಅಳತೆ ಮಾತ್ರ. ಅದಕ್ಕೂ ಮೇಲಿನ ಶಾಖದಲ್ಲಿ ಯಾವ ಗಾಜು ಎಷ್ಟು ಬೇಗ ಗಟ್ಟಿಯಾಗುತ್ತದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಒಂದೇ ಹಾಳೆಯಿಂದ ಕತ್ತರಿಸಿದ ಎರಡು ತುಂಡುಗಳಿಗೆ ಈ ತಂಟೆಯೇ ಇಲ್ಲ. ಗ್ಲಾಸ್ ಅಂಗಡಿಯವನು ಕಿಟಕಿಗೆ ಅಳತೆ ಹಾಕಿ ಕೊಯ್ದ ಮೇಲೆ ಉಳಿಯುವ ಪಟ್ಟಿಗಳನ್ನು ಕೇಳಿ ತಂದು, ಒಂದೇ ಹಾಳೆಯವನ್ನು ಒಂದು ಕಟ್ಟಾಗಿ ಇಟ್ಟುಕೊಂಡರಾಯಿತು. ಟಫನ್ಡ್ ಗ್ಲಾಸ್ ಮಾತ್ರ ಬೇಡ; ಕಟರ್ ತಾಗಿಸಿದರೆ ಹರಳು ಹರಳಾಗಿ ಉದುರುತ್ತದೆ. ಬಾಟಲಿ ಚಪ್ಪಟೆ ಮಾಡುವ ಆಸೆಯಿದ್ದರೆ ಒಂದು ಬಾಟಲಿಯನ್ನು ಅದರೊಂದಿಗೇ ಬೆಸೆಯಬೇಕು. ಹಸಿರು ಬಾಟಲಿಗೂ ಕಂದು ಬಾಟಲಿಗೂ ಹೊಂದಾಣಿಕೆ ಇದೆ ಎಂದು ನಂಬುವ ಹಾಗಿಲ್ಲ. ಪಿಲ್ಕಿಂಗ್ಟನ್ ಕಂಪನಿ 1959ರಲ್ಲಿ ಲೋಕಕ್ಕೆ ಸಾರಿದ ಫ್ಲೋಟ್ ವಿಧಾನದಲ್ಲಿ ಗಾಜು ಕರಗಿದ ತವರದ ಮೇಲೆ ತೇಲಿ ಹಾಳೆಯಾಗುತ್ತದೆ. ಹೀಗಾಗಿ ಈಗಿನ ಕಿಟಕಿ ಗಾಜಿನ ಒಂದು ಮಗ್ಗುಲಲ್ಲಿ ತವರದ ಸೋಂಕು ಇರುತ್ತದೆ. ಶಾರ್ಟ್‌ವೇವ್ ಅಲ್ಟ್ರಾವಯೊಲೆಟ್ ದೀಪದ ಬೆಳಕಿಗೆ ಆ ಮಗ್ಗುಲು ಹಾಲುಬಣ್ಣಕ್ಕೆ ತಿರುಗುತ್ತದೆ. ಯಾವ ಮಗ್ಗುಲು ಮೇಲಿದ್ದರೆ ಮಂಜು ಕವಿಯುತ್ತದೆ ಎಂದು ನೋಡುವುದೇ ಒಂದು ಒಳ್ಳೆಯ ಪ್ರಯೋಗ.

ಅಗ್ಗದ ಗಾಜು ಕಲಿಸುವ ಇನ್ನೊಂದು ಪಾಠ ದಪ್ಪದ್ದು. ಪೂರ್ತಿ ಬೆಸೆಯುವ ಶಾಖದಲ್ಲಿ ಗಾಜು ಸುಮಾರು 6 ಮಿಲಿಮೀಟರ್ ದಪ್ಪಕ್ಕೆ ಬಂದು ನಿಲ್ಲಲು ನೋಡುತ್ತದೆ. 3 ಮಿಲಿಮೀಟರಿನ ಎರಡು ಪದರ ಇಟ್ಟರೆ ಅಳತೆ ಹಾಗೇ ಉಳಿಯುತ್ತದೆ. ಒಂದೇ ಪದರವಾದರೆ ಅಂಚು ಒಳಕ್ಕೆ ಸರಿದು ಮುಳ್ಳುಮುಳ್ಳಾಗುತ್ತದೆ. ಮೂರು ಪದರವಾದರೆ ಸುತ್ತಲೂ ಹರಡುತ್ತದೆ. ಒಡೆದ ತುಂಡನ್ನೂ ಎಸೆಯುವಂತಿಲ್ಲ. ಬಿರುಕಿನ ಅಂಚನ್ನು ಬೆಳಕಿಗೆ ಹಿಡಿದು ನೋಡಬೇಕು: ನುಣ್ಣಗೆ ಉರುಟಾಗಿದ್ದರೆ ಗಾಜು ಒಡೆದದ್ದು ಬಿಸಿ ಏರುವಾಗ, ಆಮೇಲಿನ ಶಾಖಕ್ಕೆ ಅಂಚು ಕರಗಿದೆ. ಬ್ಲೇಡಿನಂತೆ ಚೂಪಾಗಿದ್ದರೆ ಒಡೆದದ್ದು ಆರುವಾಗ. ಮೊದಲನೆಯದಕ್ಕೆ ಮದ್ದು ಶಾಖವನ್ನು ನಿಧಾನ ಏರಿಸುವುದು. ಎರಡನೆಯದಾದರೆ ಆರಿಸಿದ ಕ್ರಮವನ್ನು ಮೊದಲು ಅನುಮಾನಿಸಬೇಕು.

ಆರಿಸುವುದೇ ಈ ಕೆಲಸದ ಮುಕ್ಕಾಲು ಪಾಲು. ಬೆಸೆದ ಗಾಜನ್ನು ನಿರ್ದಿಷ್ಟ ಶಾಖದಲ್ಲಿ ತಡೆದು ನಿಲ್ಲಿಸಿ, ಒಳಗೂ ಹೊರಗೂ ಒಂದೇ ಬಿಸಿಯಾದ ಮೇಲೆ ಮೆಲ್ಲಗೆ ಇಳಿಸುವ ಈ ಕ್ರಮಕ್ಕೆ ಅನೀಲಿಂಗ್ ಎನ್ನುತ್ತಾರೆ. ಬುಲ್ಸ್‌ಐ ಗಾಜಿಗೆ ಆ ನಿಲುಗಡೆ 482 ಡಿಗ್ರಿಯಲ್ಲಿ, ಕಿಟಕಿ ಗಾಜಿಗೆ 550ರ ಆಸುಪಾಸಿನಲ್ಲಿ. ಬುಲ್ಸ್‌ಐ ಕಂಪನಿಯ ಕೋಷ್ಟಕದ ಪ್ರಕಾರ 12 ಮಿಲಿಮೀಟರ್ ದಪ್ಪಕ್ಕೆ 2 ಗಂಟೆ ನಿಲ್ಲಿಸಿ, ಗಂಟೆಗೆ 55 ಡಿಗ್ರಿಯಂತೆ ಇಳಿಸಲು ಶುರುಮಾಡಬೇಕು. ದಪ್ಪ 25 ಮಿಲಿಮೀಟರ್ ಆದರೆ 4 ಗಂಟೆ ನಿಲುಗಡೆ, ಇಳಿಕೆ ಗಂಟೆಗೆ 15 ಡಿಗ್ರಿ ಮಾತ್ರ. ಕುಂಬಾರರು ಆವಿಗೆ ತಣಿಯುವ ಮುಂಚೆ ಬಿಚ್ಚುವುದಿಲ್ಲವಲ್ಲ, ಇಲ್ಲೂ ಅದೇ ಶಿಸ್ತು. ನಡುವೆ ಕರೆಂಟ್ ಹೋದರೆ ಮನೆಯ ಇನ್ವರ್ಟರ್ ಈ ಹೊರೆ ಹೊರುವುದಿಲ್ಲ. ಮುಚ್ಚಳ ತೆರೆಯದೆ ಬಿಟ್ಟು, ಮರುದಿನ ಅದೇ ಗಾಜನ್ನು ಮತ್ತೆ ಅನೀಲ್ ಮಾಡುವುದೇ ದಾರಿ. ಇಂಥ ಹೊತ್ತಿನಲ್ಲಿ ಒಳಗಿರುವುದು ತುಂಡುಗಾಜು ಎಂದಾದರೆ ಎದೆ ಹೊಡೆದುಕೊಳ್ಳುವುದಿಲ್ಲ.

ಕಿಟಕಿ ಗಾಜಿಗೆ ಮಿತಿಗಳಿಲ್ಲ ಎಂದಲ್ಲ. ಅದು ಮೆತ್ತಗಾಗಲು ಫ್ಯೂಸಿಂಗ್ ಗಾಜಿಗಿಂತ ಹೆಚ್ಚು ಶಾಖ ಬೇಕು. ಹೆಚ್ಚು ಹೊತ್ತು ಬಿಸಿಯಲ್ಲಿ ಬಿಟ್ಟರೆ ಮೇಲೆ ಬಿಳಿಯ ಪೊರೆ ಕಟ್ಟುತ್ತದೆ. ಅಂಚಿನಲ್ಲಿ ಕಬ್ಬಿಣದ ಅಂಶದ ಹಸಿರು ಛಾಯೆ ಇದ್ದೇ ಇರುತ್ತದೆ. ಬಣ್ಣವನ್ನೇ ಬಣ್ಣಕ್ಕೆ ಬೆಸೆಯುವ, ಮೋಯೆ ಮಾಡಿದಂಥ ಕೆಲಸ ಇದರಲ್ಲಿ ಆಗುವುದಿಲ್ಲ. ಅಲ್ಲಿಗೆ ಏರುವ ಹೊತ್ತಿಗೆ ಆಮದು ಗಾಜು ಕೊಳ್ಳಲಿ, ಯಾರೂ ಬೇಡ ಎನ್ನುವುದಿಲ್ಲ. ಅಲ್ಲಿಯವರೆಗೆ ಎರಡು ಪದರದ ನಡುವೆ ತಾಮ್ರದ ತೆಳು ಹಾಳೆ, ಅಭ್ರಕದ ಪುಡಿ, ಗಾಜಿಗೆಂದೇ ಇರುವ ಎನಾಮೆಲ್, ಗುಳ್ಳೆ ಎಬ್ಬಿಸಲು ಚಿಟಿಕೆ ಅಡುಗೆ ಸೋಡ ಇವೆಲ್ಲ ಇವೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಏರಿಸಿದ ಶಾಖ ಮತ್ತು ತೆಗೆದುಕೊಂಡ ಹೊತ್ತನ್ನು ಬರೆದಿಟ್ಟುಕೊಂಡರೆ ಮಾತ್ರ ಅದು ಪ್ರಯೋಗ, ಇಲ್ಲದಿದ್ದರೆ ಬರೀ ಕರೆಂಟ್ ಖರ್ಚು.

ಮನೆ ಎಂದ ಮೇಲೆ ಮನೆಮಂದಿಯ ಯೋಚನೆಯೂ ಬೇಕು. 2016ರಲ್ಲಿ ಪೋರ್ಟ್‌ಲ್ಯಾಂಡ್‌ನ ಮರಗಳ ಮೇಲಿನ ಹಾವಸೆಯನ್ನು ಅಮೆರಿಕದ ಅರಣ್ಯ ಇಲಾಖೆಯ ವಿಜ್ಞಾನಿಗಳು ಪರೀಕ್ಷಿಸಿದ ಫಲಿತಾಂಶ ಹೊರಬಿದ್ದಾಗ, ಬುಲ್ಸ್‌ಐ ಕಾರ್ಖಾನೆಯ ಸುತ್ತ ಕ್ಯಾಡ್ಮಿಯಂ ಹೆಚ್ಚಿರುವುದು ಬಯಲಾಯಿತು. ಕಂಪನಿ ಕ್ಯಾಡ್ಮಿಯಂ, ಆರ್ಸೆನಿಕ್ ಬಳಕೆ ಆಗ ನಿಲ್ಲಿಸಿ, ಕುಲುಮೆಗಳಿಗೆ ಹೊಗೆ ಸೋಸುವ ಯಂತ್ರ ಅಳವಡಿಸಬೇಕಾಯಿತು. ಅದು ಗಾಜು ತಯಾರಿಸುವ ಕಾರ್ಖಾನೆಯ ಕಥೆ. ಸಿದ್ಧ ಹಾಳೆಯನ್ನು ಬೆಸೆಯುವ ಮನೆಗೆ ಅಷ್ಟು ಅಪಾಯವಿಲ್ಲ. ಆದರೂ ಕ್ಯಾಡ್ಮಿಯಂ ಇರಬಹುದಾದ ಕೆಂಪು ಹಳದಿ ಬಣ್ಣದ ಪುಡಿ, ಕುಲುಮೆಯ ತಟ್ಟೆಗೆ ಬಳಿಯುವ ಲೇಪದ ಧೂಳು, ಸೆರಾಮಿಕ್ ಫೈಬರ್ ಎಳೆ ಯಾವುದೂ ಶ್ವಾಸಕ್ಕೆ ಹೋಗಬಾರದು. ಕುಲುಮೆಗೆ ಜಾಗ ಅಡುಗೆಮನೆಯಲ್ಲ. ಮೂಗಿಗೆ ಎನ್95 ಮಾಸ್ಕ್ ಇರಲಿ, ನೆಲಕ್ಕೆ ಕಸಪೊರಕೆ ಬೇಡ, ಒದ್ದೆ ಬಟ್ಟೆಯಲ್ಲೇ ಒರೆಸಲಿ.

ಈ ಕಸುಬನ್ನು ಕಲಿಸುವ ಒಂದು ದಿನದ ಕಾರ್ಯಾಗಾರಗಳದ್ದು ಬೇರೆಯೇ ಕೊರತೆ. ಕಲಿಯಲು ಬಂದವರು ಬಣ್ಣದ ಚೂರು ಜೋಡಿಸಿ ಮನೆಗೆ ಹೋಗುತ್ತಾರೆ. ಕುಲುಮೆಯಲ್ಲಿ ನಡೆದದ್ದು ಅವರಿಗೆ ಕಾಣುವುದಿಲ್ಲ, ತಯಾರಾದ ವಸ್ತು ಆಮೇಲೆ ಕೈಸೇರುತ್ತದೆ. ನಡೆಸುವವರು ಕನಿಷ್ಠ ಶಾಖದ ವೇಳಾಪಟ್ಟಿಯನ್ನಾದರೂ ಬರೆದು ಕೊಡಲಿ. ಗಾಜಿನೊಳಗಿನ ಒತ್ತಡವನ್ನು ಕಣ್ಣಿಗೆ ತೋರಿಸಲು ದುಬಾರಿ ಉಪಕರಣವೇನೂ ಬೇಡ: ಎಲ್‌ಸಿಡಿ ಪರದೆಯ ಲ್ಯಾಪ್‌ಟಾಪ್‌ನಲ್ಲಿ ಬಿಳಿ ಪುಟ ತೆರೆದಿಟ್ಟು, ಪೋಲರಾಯ್ಡ್ ತಂಪು ಕನ್ನಡಕವನ್ನು ಪರದೆ ಕಪ್ಪಾಗುವವರೆಗೆ ತಿರುಗಿಸಿ, ನಡುವೆ ಬೆಸೆದ ಗಾಜು ಹಿಡಿದರೆ ಒತ್ತಡ ಇರುವಲ್ಲೆಲ್ಲ ಬೆಳಕಿನ ಬಳೆ ಮೂಡುತ್ತದೆ. ಕಿಟಕಿ ಗಾಜಿನ ಪಟ್ಟಿಯ ಮೇಲೆ ಬಾಟಲಿ ಚೂರೊಂದನ್ನು, ಅದೇ ಪಟ್ಟಿಯಿಂದ ಮುರಿದ ಚೂರೊಂದನ್ನು ಬೆಸೆದಿಟ್ಟುಕೊಂಡು ಈ ಪರೀಕ್ಷೆಯನ್ನು ಪ್ರತಿ ತಂಡಕ್ಕೂ ತೋರಿಸಲು ಹತ್ತು ನಿಮಿಷ ಹಿಡಿಯುವುದಿಲ್ಲ. ಕಾರ್ಯಾಗಾರದ ಶುಲ್ಕ ಕಟ್ಟುವ ಮುನ್ನ ಇದನ್ನು ತೋರಿಸುತ್ತೀರಾ ಎಂದು ಕೇಳುವ ಹಕ್ಕು ಕಲಿಯುವವರಿಗಿದೆ.